ಪೇದೆ ಕೋದಂಡಪ್ಪನ ಸರ್ಕಾರಿ ಮೂಗು

ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ರಸ್ತೆಯಲ್ಲಿ ಹುಣಸೆಗುಟ್ಟೆ ಅನ್ನುವ ಕಡೆ ಒಂದು ರೈಲ್ವೆ ಗೇಟು, ಗೇಟಿನ ಪಕ್ಕ ಒಂದು ಟೀ ಅಂಗಡಿ, ಟೀ ಅಂಗಡಿಯ ಪಕ್ಕಕ್ಕೆ ಹೆಂಚು ಹೊದಿಸಿದ ಪೊಲೀಸ್ ಔಟ್‌ಪೋಸ್ಟು. ಗೇಟು ಬಿತ್ತೆಂದರೆ ಬಸ್ಸು, ಲಾರಿ, ಜಟಕಾ ಎಲ್ಲವೂ ಸಾಲಾಗಿ ನಿಲ್ಲಲೇಬೇಕು. ಹಾಗೆ ನಿಂತ ಮೋಟಾರುಗಳ ಹತ್ತಿರ ಹೋಗಿ ಡ್ರೈವರುಗಳ ಬಾಯಿ ಮೂಸಿ ನೋಡುವುದು ಪೇದೆ ಕೋದಂಡಪ್ಪನ ಕೆಲಸವಾಗಿತ್ತು.

ಇದನ್ನು ಯಾರೂ ತಮಾಷೆಗೆ ಕಟ್ಟಿದ್ದಲ್ಲ. ಬಾಯಿಂದ ಊದಿಸಿ ಅಮಲು ಅಳೆಯುವ ಯಂತ್ರ ಆ ಕಾಲದಲ್ಲಿ ಪೊಲೀಸರ ಹತ್ತಿರ ಇರಲಿಲ್ಲ. ಕಾನೂನು ಇತ್ತು. ಗಾಡಿಯ ಮೇಲಿನ ಹಿಡಿತ ತಪ್ಪಿಹೋಗುವಷ್ಟು ಕುಡಿದು ಮೋಟಾರು ನಡೆಸಿದರೆ ಜೈಲೋ ಜುಲ್ಮಾನೆಯೋ ಖಂಡಿತ ಎಂದು ಕಾಯಿದೆಯಲ್ಲಿ ಬರೆದಿತ್ತು. ಬಸ್ಸು ಲಾರಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಜೈಲಿಗಿಂತ ದೊಡ್ಡ ಭಯ ಲೈಸೆನ್ಸಿನದು. ಅಂಗಿಗೆ ಸಿಕ್ಕಿಸಿದ ಬಿಲ್ಲೆ ಕಿತ್ತುಕೊಂಡರೆಂದರೆ ಮನೆಯ ಒಲೆಗೆ ನೀರು ಸುರಿದಂತೆ. ಆದರೆ ‘ಹಿಡಿತ ತಪ್ಪುವಷ್ಟು’ ಅಂದರೆ ಎಷ್ಟು? ಒಂದು ಲೋಟವೋ, ಒಂದು ಸೀಸೆಯೋ, ಒಂದು ಗಡಿಗೆಯೋ? ಅದನ್ನು ಹೇಳುವ ಗೋಜಿಗೆ ಕಾಯಿದೆ ಹೋಗಿರಲಿಲ್ಲ. ಹುಣಸೆಗುಟ್ಟೆಯ ಮಟ್ಟಿಗೆ ಆ ತೆರವನ್ನು ತುಂಬಿದ್ದು ಕೋದಂಡಪ್ಪನ ಮೂಗು.

ಕೋದಂಡಪ್ಪ ಕಾಮಸಮುದ್ರದ ಕಡೆಯವನು. ಅವನ ಅಪ್ಪ ಈಚಲು ಮರಗಳನ್ನು ಗುತ್ತಿಗೆ ಹಿಡಿದು ಹೆಂಡ ಇಳಿಸುತ್ತಿದ್ದ. ತಾಯಿ ಅಕ್ಕಯ್ಯಮ್ಮ ಮಗುವನ್ನು ಮಲಗಿಸುತ್ತಿದ್ದ ತೊಟ್ಟಿಲು ತೂಗಾಡುತ್ತಿದ್ದದ್ದು ಹೆಂಡದ ಗಡಿಗೆಗಳ ನಡುವೆಯೇ. ಮಾತು ಬರುವ ಮೊದಲೇ ಅವನಿಗೆ ವಾಸನೆ ಬಂದಿತ್ತು. ಇದು ಇವತ್ತಿನ ಹೆಂಡ, ಇದು ನಿನ್ನೆಯದು, ಇದಕ್ಕೆ ಅಪ್ಪ ನೀರು ಬೆರೆಸಿದ್ದಾನೆ ಎಂದು ಗಿರಾಕಿಗಳ ಮುಂದೆಯೇ ಹೇಳಿ ಹೊಡೆಸಿಕೊಂಡದ್ದೂ ಉಂಟು. ಮೂಗಿನಲ್ಲಿ ಅಷ್ಟು ಕುಡಿದವನಿಗೆ ಬಾಯಲ್ಲಿ ಕುಡಿಯುವ ಆಸೆ ಹುಟ್ಟಲೇ ಇಲ್ಲ. ಐವತ್ತರ ದಶಕದಲ್ಲಿ ಪೊಲೀಸಿಗೆ ಸೇರಿದಾಗ ಪಾನನಿರೋಧದ ಕಾಲ. ತಿಪ್ಪೆಯೊಳಗೆ ಹೂತ ಕಳ್ಳಬಟ್ಟಿಯ ಗಡಿಗೆಯನ್ನು ಅವನು ಬದುವಿನ ಮೇಲೆ ನಿಂತೇ ತೋರಿಸುತ್ತಿದ್ದ. ಹೀಗೆ ಹೆಂಡದವನ ಮಗ ಹೆಂಡ ಹಿಡಿಯುವವನಾದ. ಅಪ್ಪ ಸಾಯುವವರೆಗೂ ಅವನ ಜೊತೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಅರವತ್ತೇಳರಲ್ಲಿ ಪಾನನಿರೋಧ ಹೋಯಿತು. ಅಷ್ಟು ದಿನ ಕದ್ದು ಕುಡಿಯುತ್ತಿದ್ದವರು ಕಾಲು ಚಾಚಿ ಕೂತು ಕುಡಿಯತೊಡಗಿದರು. ಹುಣಸೆಗುಟ್ಟೆಯ ಗೇಟಿನ ಹತ್ತಿರವೇ ಒಂದು ಸಾರಾಯಿ ಅಂಗಡಿ ಎದ್ದಿತು. ಗೇಟು ಬಿದ್ದು ಏಳುವಷ್ಟರಲ್ಲಿ ಡ್ರೈವರುಗಳು ಇಳಿದು, ಕುಡಿದು, ಬಾಯಿ ಒರೆಸಿಕೊಂಡು, ಹತ್ತಿ ಕೂರಬಹುದಾಗಿತ್ತು. ಅಂಗಡಿಗೆ ಪರವಾನಗಿ ಕೊಟ್ಟದ್ದು ಸರ್ಕಾರ, ಅಲ್ಲಿ ಕುಡಿದು ಬಂದವರನ್ನು ಹಿಡಿಯಿರಿ ಅಂದದ್ದೂ ಸರ್ಕಾರ. ಎರಡರ ನಡುವೆ ಇದ್ದದ್ದು ರಸ್ತೆಯ ಅಗಲ ಮಾತ್ರ.

ಆ ವರ್ಷ ಬಂದ ಸಬ್‌ಇನ್‌ಸ್ಪೆಕ್ಟರ್ ಜಯರಾಮಪ್ಪನವರು ಕಾನೂನು ಓದಿಕೊಂಡವರು. ಕುಡಿದಿದ್ದಾನೆ ಅನ್ನುವುದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕೆಂದು ಅವರಿಗೆ ಗೊತ್ತಿತ್ತು. ಹತ್ತಿರದ ಡಿಸ್ಪೆನ್ಸರಿಯ ಡಾಕ್ಟರಿಗೋ ಕಜ್ಜಿ, ಜ್ವರ, ಬಾಣಂತಿಯರ ನಡುವೆ ತಲೆ ಎತ್ತಲು ಪುರುಸೊತ್ತಿಲ್ಲ. ಡ್ರೈವರನ್ನು ಒಂದು ಗೆರೆಯ ಮೇಲೆ ನಡೆಸಬೇಕು, ಕಣ್ಣಿನ ಪಾಪೆ ನೋಡಬೇಕು, ಮಾತು ತೊದಲುತ್ತದೆಯೇ ಎಂದು ಕೇಳಬೇಕು ಅನ್ನುವ ಪದ್ಧತಿಯೇನೋ ಇತ್ತು. ಮೊದಮೊದಲು ಡಾಕ್ಟರು ಅದನ್ನೆಲ್ಲ ಮಾಡಿದರು. ಆದರೆ ಪ್ರತಿ ಸಲವೂ ಅವರ ತೀರ್ಮಾನ ಕೋದಂಡಪ್ಪ ಮೊದಲೇ ಹೇಳಿದ್ದೇ ಆಗುತ್ತಿತ್ತು. ಕೊನೆಗೆ ಡಾಕ್ಟರು, “ಕೋದಂಡಪ್ಪ ಏನಂದ?” ಎಂದು ಕಿಟಕಿಯಿಂದಲೇ ಕೇಳಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕೊಡುವ ಪದ್ಧತಿ ಬಂತು.

ಡ್ರೈವರುಗಳೂ ಸುಮ್ಮನೆ ಕೂರಲಿಲ್ಲ. ಜೀರಿಗೆ ಅಗಿದರು, ಸೀಬೆ ಎಲೆ ತಿಂದರು, ಹಸಿ ಈರುಳ್ಳಿ ಕಚ್ಚಿದರು. ಒಬ್ಬ ಲಾರಿಯವನು ಸೀಮೆಎಣ್ಣೆಯಲ್ಲೇ ಬಾಯಿ ಮುಕ್ಕಳಿಸಿ ಬಂದ. ಕೋದಂಡಪ್ಪ ಕಣ್ಣು ಮುಚ್ಚಿ, ಮೂಗು ಒಂದಿಷ್ಟು ಅರಳಿಸಿ, ಬೆಳಿಗ್ಗೆ ಕುಡಿದದ್ದು ಸಾರಾಯಿ, ಆಮೇಲೆ ಮುದ್ದೆ, ಬಸ್ಸಾರು, ಅದರ ಮೇಲೆ ಸೀಮೆಎಣ್ಣೆ ಎಂದು ಊಟದ ಸಾಲು ಒಪ್ಪಿಸುತ್ತಿದ್ದ. ಸುತ್ತಮುತ್ತಲಿನವರು ತಮ್ಮ ಕೆಲಸಕ್ಕೂ ಆ ಮೂಗನ್ನು ಕರೆಯತೊಡಗಿದರು. ಸಂತೆಯಲ್ಲಿ ತುಪ್ಪ ಕೊಳ್ಳುವವರು ಅವನ ಮುಂದೆ ಡಬ್ಬ ಹಿಡಿಯುತ್ತಿದ್ದರು. ಹೆಣ್ಣು ಹೆತ್ತವರು ಅವನನ್ನು ದೂರದ ನೆಂಟನೆಂದು ಹೇಳಿ ವರನ ಪಕ್ಕದಲ್ಲಿ ಊಟಕ್ಕೆ ಕೂರಿಸುತ್ತಿದ್ದರು. ಎಷ್ಟೋ ಸಂಬಂಧಗಳು ಪಾಯಸ ಬಡಿಸುವ ಮೊದಲೇ ಮುರಿದುಬಿದ್ದವು.

ಜಿಲ್ಲೆಯ ದೊಡ್ಡ ಸಾಹೇಬರು ತನಿಖೆಗೆ ಬಂದಾಗ ಈ ಮೂಗು ಇಲಾಖೆಗೆ ಭೂಷಣ ಅಂದರು. ಅವತ್ತಿನಿಂದ ಅದರ ಮೇಲೆ ಕೋದಂಡಪ್ಪನಿಗೆ ಇದ್ದ ಹಕ್ಕು ಅಷ್ಟಿಷ್ಟು ಕಡಿಮೆಯಾಯಿತು. ಚಳಿಗಾಳಿಗೆ ನಿಲ್ಲಬೇಡ ಎಂದು ಜಯರಾಮಪ್ಪನವರು ಗದರುತ್ತಿದ್ದರು. ನಶ್ಯ ಏರಿಸಬಾರದೆಂದು ಅಪ್ಪಣೆಯಾಯಿತು. ಠಾಣೆಯಿಂದ ಒಂದು ಉಣ್ಣೆಯ ಮಫ್ಲರು ಮಂಜೂರಾಯಿತು. ಅದನ್ನು ಕೊಟ್ಟದ್ದು ಪೇದೆಗಲ್ಲ, ಮೂಗಿಗೆ ಎಂದು ದಫೇದಾರ ಹೊಟ್ಟೆಕಿಚ್ಚಿನಿಂದ ಹೇಳಿಕೊಂಡು ತಿರುಗಿದ. ಕೋದಂಡಪ್ಪನಿಗೂ ಒಳಗೊಳಗೇ ಗತ್ತು ಬಂದಿತ್ತು. ಕೆಲವು ಮಾಲೀಕರ ಬಸ್ಸುಗಳನ್ನು ಮೂಸಬೇಕಾಗಿಲ್ಲ ಎಂದು ಜಯರಾಮಪ್ಪ ಸಾಹೇಬರು ಕಣ್ಣಲ್ಲೇ ಹೇಳಿದಾಗ ಮಾತ್ರ ಅವನು ಆಚೆ ತಿರುಗಿ ನಿಲ್ಲುತ್ತಿದ್ದ. ಮೂಗು ಸರ್ಕಾರದ್ದು, ಸರ್ಕಾರಕ್ಕೆ ಬೇಡವಾದರೆ ತನಗೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಮನೆಯಲ್ಲಿ ಅವನ ಹೆಂಡತಿ ವೆಂಕಟರತ್ನಮ್ಮನಿಗೆ ಈ ಮೂಗು ಸವತಿಯಿದ್ದ ಹಾಗೆ. ಸಾರಿನ ಒಗ್ಗರಣೆ ಒಂದು ಚಿಟಿಕೆ ಸೀದರೂ ಬೀದಿ ತಿರುವಿನಲ್ಲೇ ಗೊತ್ತುಹಿಡಿದು ಬರುತ್ತಿದ್ದ. ನಿನ್ನೆಯ ಮಜ್ಜಿಗೆಗೆ ಇವತ್ತಿನದನ್ನು ಬೆರೆಸಿದರೆ ತಟ್ಟೆ ಸರಿಸುತ್ತಿದ್ದ.

ಅರವತ್ತೆಂಟರ ಚಳಿಗಾಲದಲ್ಲಿ ಊರಿಗೆ ಊರೇ ವಿಷಶೀತಜ್ವರದಲ್ಲಿ ಮಲಗಿತು. ಕೋದಂಡಪ್ಪನೂ ಮಲಗಿದ. ಮಫ್ಲರು ಸುತ್ತಿಕೊಂಡೇ ಮಲಗಿದ್ದ. ಜ್ವರ ಇಳಿಯಿತು, ಕೆಮ್ಮು ನಿಂತಿತು, ಕಟ್ಟಿದ ಮೂಗು ಬಿಟ್ಟಿತು. ಆದರೆ ಬಿಟ್ಟ ಮೂಗಿನಲ್ಲಿ ಏನೂ ಬರಲಿಲ್ಲ. ಮೊದಲು ಅವನಿಗೆ ತಿಳಿದದ್ದು ಹಿತ್ತಲಲ್ಲಿ. ಪಕ್ಕದ ಮನೆಯವರು ಹಸಿ ಸಗಣಿ ಸಾರಿಸುತ್ತಿದ್ದರು. ಅವನಿಗೆ ಬರೀ ಒದ್ದೆ ನೆಲ ಕಂಡಿತು. ಮಲ್ಲಿಗೆ ಮೂಸಿದ, ಇಂಗಿನ ಡಬ್ಬ ಮೂಸಿದ, ಬೆಳ್ಳುಳ್ಳಿ ಜಜ್ಜಿ ಹೊಳ್ಳೆಗೇ ತುರುಕಿಕೊಂಡ. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಎರಡು ದಿನ ಕಳೆದರೆ ಸರಿಹೋಗುತ್ತದೆ ಅಂದುಕೊಂಡ. ವಾರ ಕಳೆಯಿತು, ತಿಂಗಳೂ ಕಳೆಯಿತು.

ಯಾರಿಗೆ ಹೇಳುವುದು? ಮೂಗಿಲ್ಲದಿದ್ದರೆ ಕೋದಂಡಪ್ಪ ಎಲ್ಲರ ಹಾಗೆ ಒಬ್ಬ ಪೇದೆ. ಸಂತೆ ಬಂದೋಬಸ್ತು, ಕೈದಿ ಕಾವಲು, ಸಾಹೇಬರ ಮನೆಗೆ ತರಕಾರಿ. ಅವನು ಬಾಯಿ ಮುಚ್ಚಿಕೊಂಡು ಮೂಗು ಚಾಚುವುದನ್ನು ಮುಂದುವರಿಸಿದ. ಬಸ್ಸು ಗೇಟಿನಲ್ಲಿ ಹೇಗೆ ನಿಂತಿತು, ಡ್ರೈವರು ಇಳಿಯುವಾಗ ಬಾಗಿಲಿಗೆ ಆತುಕೊಂಡನೇ, ಕಣ್ಣು ತಪ್ಪಿಸಿದನೇ ಎಂದು ನೋಡುತ್ತಿದ್ದ. ಅದೂ ತಿಳಿಯದಿದ್ದರೆ ಜಯರಾಮಪ್ಪನವರ ಮುಖ ನೋಡುತ್ತಿದ್ದ. ಸಾಹೇಬರ ಹುಬ್ಬು ಮೇಲೇರಿದರೆ ಡ್ರೈವರು ಕುಡಿದಿದ್ದ, ಇಳಿದರೆ ಕುಡಿದಿರಲಿಲ್ಲ. ವಿಚಿತ್ರವೆಂದರೆ ಯಾರೂ ತಕರಾರು ತೆಗೆಯಲಿಲ್ಲ. ಕೋದಂಡಪ್ಪ ಕಣ್ಣು ಮುಚ್ಚಿದರೆ ಸಾಕು, ಮುಕ್ಕಾಲು ಜನ ತಾವೇ ಒಪ್ಪಿಕೊಂಡುಬಿಡುತ್ತಿದ್ದರು. ಮೂಗು ಇದ್ದಾಗ ಎಷ್ಟು ಕೇಸು ಆಗುತ್ತಿದ್ದವೋ ಇಲ್ಲದಾಗಲೂ ಅಷ್ಟೇ ಆದವು. ಕಾಯಿದೆಗೆ ಅಷ್ಟು ಸಾಕಿತ್ತು.

ಮರುವರ್ಷ ಬೇಸಿಗೆಯ ಹೊತ್ತಿಗೆ ಆ ಬಸ್ಸಿನ ಸಂಗತಿ ನಡೆಯಿತು.

ಬಸ್ಸು ಬಂಗಾರಪೇಟೆಯ ಅಶ್ವತ್ಥಪ್ಪನದು. ಆತ ಸಾಹೇಬರು ಕಣ್ಣಲ್ಲೇ ಬಿಡಿಸುತ್ತಿದ್ದ ಮಾಲೀಕರಲ್ಲಿ ಒಬ್ಬ. ಡ್ರೈವರು ಉರಿಗಾಂನ ಆರುಮುಗಂ. ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಹುಟ್ಟಿ ಬೆಳೆದವನು, ಅಪ್ಪ ಕುಡಿದು ಕುಡಿದು ರಕ್ತ ಕಾರಿ ಸತ್ತದ್ದನ್ನು ಕಣ್ಣಾರೆ ಕಂಡವನು. ನಾಟಿವೈದ್ಯರು ನಿಶ್ಶಕ್ತಿಗೆಂದು ಕೊಟ್ಟ ಅರಿಷ್ಟವನ್ನೂ ಬಿರಡೆ ತೆಗೆದು ನೋಡಿ ವಾಪಸು ಕೊಟ್ಟಿದ್ದ. ಆ ಬಸ್ಸಿನ ಬ್ರೇಕು ನೆಟ್ಟಗಿಲ್ಲ, ಇಳಿಜಾರಿನಲ್ಲಿ ಕಾಲು ತಳ ಮುಟ್ಟುತ್ತದೆ ಎಂದು ಅವನು ಮಾಲೀಕನಿಗೆ ಹೇಳುತ್ತಲೇ ಇದ್ದ. ಗಾಡಿ ಓಡುತ್ತಾ ಇದೆಯಲ್ಲ ಎಂದು ಅಶ್ವತ್ಥಪ್ಪ ಅನ್ನುತ್ತಲೇ ಇದ್ದ. ಓಡುವುದರಲ್ಲಿ ಆರುಮುಗಂಗೂ ಅನುಮಾನವಿರಲಿಲ್ಲ.

ಅವತ್ತು ಮಧ್ಯಾಹ್ನ ಬಸ್ಸು ತುಂಬಿ ತುಳುಕುತ್ತಿತ್ತು. ಹುಣಸೆಗುಟ್ಟೆಯ ಇಳಿಜಾರಿಗೆ ಬರುವಾಗ ಗೇಟು ಬೀಳುತ್ತಿತ್ತು, ಗಣಿಯ ಕಡೆಯ ರೈಲು ಕೂಗುತ್ತಿತ್ತು. ಆರುಮುಗಂ ಬ್ರೇಕು ತುಳಿದ. ಕಾಲು ತಳ ಮುಟ್ಟಿತು, ಬಸ್ಸು ನಿಲ್ಲಲಿಲ್ಲ. ಎದುರಿಗೆ ಗೇಟು, ಗೇಟಿನಾಚೆ ರೈಲು, ಎಡಕ್ಕೆ ಟೀ ಅಂಗಡಿಯ ಮುಂದೆ ಬೆಂಚಿನ ಮೇಲೆ ಜನ. ಬಲಕ್ಕೆ ಸಾರಾಯಿ ಅಂಗಡಿಯ ಮಣ್ಣಿನ ಗೋಡೆ. ಅವನು ಬಲಕ್ಕೆ ತಿರುಗಿಸಿದ. ಬಸ್ಸು ಗೋಡೆ ಒಡೆದುಕೊಂಡು ಮೂತಿಯನ್ನು ಅಂಗಡಿಯೊಳಗೆ ತೂರಿಸಿ ನಿಂತಿತು. ಕೆಲವರ ಹಲ್ಲು ಮುರಿಯಿತು, ಒಬ್ಬರ ತೋಳು ಮುರಿಯಿತು, ಪ್ರಾಣ ಯಾರದೂ ಹೋಗಲಿಲ್ಲ. ಹೋದದ್ದು ಅಟ್ಟಣಿಗೆಯ ಮೇಲಿದ್ದ ಸಾರಾಯಿ ಜಾಡಿಗಳು. ಅವೆಲ್ಲ ಬಸ್ಸಿನ ಒಡೆದ ಗಾಜಿನಿಂದ ಒಳಗೆ ಸುರಿದು ಆರುಮುಗಂನ ತಲೆಯಿಂದ ಕಾಲಿನವರೆಗೆ ಅಭಿಷೇಕ ಮಾಡಿದ್ದವು.

ಜಯರಾಮಪ್ಪನವರು ಕರವಸ್ತ್ರ ಮೂಗಿಗೆ ಹಿಡಿದು ಬಂದರು. ಅಶ್ವತ್ಥಪ್ಪ ಬಂಗಾರಪೇಟೆಯಿಂದ ಕಾರಿನಲ್ಲಿ ಬಂದು ಇಳಿದವನು ಪಂಚೆಯ ಸೆರಗು ಮೂಗಿಗೆ ಹಿಡಿದ. ಸಾರಾಯಿ ವಾಸನೆ ಫರ್ಲಾಂಗು ದೂರಕ್ಕೆ ಹೊಡೆಯುತ್ತಿತ್ತು; ಪಕ್ಕದ ಹೊಲದಲ್ಲಿ ಕಟ್ಟಿದ್ದ ಎಮ್ಮೆಯೂ ಮುಖ ತಿರುಗಿಸಿತ್ತು. ಅಲ್ಲಿ ನೆರೆದ ಅಷ್ಟು ಜನರಲ್ಲಿ ಏನೂ ವಾಸನೆ ಬಾರದೆ ನಿಂತಿದ್ದವನು ಕೋದಂಡಪ್ಪ ಒಬ್ಬನೇ.

ಅಶ್ವತ್ಥಪ್ಪ ಸಾಹೇಬರನ್ನು ಪಕ್ಕಕ್ಕೆ ಕರೆದು ಮಾತಾಡಿದ. ಬ್ರೇಕು ಕೆಟ್ಟಿತ್ತು ಅಂತಾದರೆ ತಪ್ಪು ಮಾಲೀಕನದು. ಡ್ರೈವರು ಕುಡಿದಿದ್ದ ಅಂತಾದರೆ ತಪ್ಪು ಡ್ರೈವರದು. ಇಷ್ಟೇ ವಿಷಯ. ಹಿಂತಿರುಗಿ ಬಂದಾಗ ಸಾಹೇಬರ ಹುಬ್ಬು ಮೇಲೇರಿತ್ತು. ನೋಡಯ್ಯಾ ಕೋದಂಡಪ್ಪ ಅಂದರು.

ಹಳೆಯ ಮೂಗು ಇದ್ದಿದ್ದರೆ ಅದಕ್ಕೆ ಒಂದು ಕ್ಷಣ ಸಾಕಿತ್ತು. ಮೈಮೇಲೆ ಸುರಿದ ಸಾರಾಯಿ ಬೇರೆ, ಹೊಟ್ಟೆಗೆ ಇಳಿದು ಉಸಿರಲ್ಲಿ ಬರುವ ಸಾರಾಯಿ ಬೇರೆ. ಆ ವ್ಯತ್ಯಾಸ ಹೇಳಬಲ್ಲ ಮೂಗು ಸೀಮೆಯಲ್ಲಿ ಒಂದೇ ಇತ್ತು, ಅದು ಸತ್ತು ಕೆಲವು ತಿಂಗಳಾಗಿತ್ತು. ಕೋದಂಡಪ್ಪ ಆರುಮುಗಂನ ಬಾಯಿಯ ಹತ್ತಿರ ಬಗ್ಗಿದ. ಹಣೆಯಿಂದ ರಕ್ತ ಇಳಿಯುತ್ತಿದ್ದ ಆ ಮನುಷ್ಯ ಅವನ ತೋಳು ಹಿಡಿದುಕೊಂಡ.

“ಅಣ್ಣಾ, ಸರಿಯಾಗಿ ಮೂಸಿ ನೋಡಿ. ಬಟ್ಟೆ ಬೇಡ, ಬಾಯಿ ನೋಡಿ,” ಅಂದ. “ನಿಮಗೆ ಗೊತ್ತಾಯ್ತದೆ.”

ಕೋದಂಡಪ್ಪ ಕಣ್ಣು ಮುಚ್ಚಿ ಉಸಿರೆಳೆದ. ಬಿಸಿ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಕಣ್ಣು ತೆರೆದಾಗ ಎದುರಿಗೆ ಸಾಹೇಬರ ಹುಬ್ಬು. ಅವನು ಹೌದೆಂದು ತಲೆಯಾಡಿಸಿದ. ಆರುಮುಗಂ ತೋಳು ಬಿಟ್ಟ.

ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕುತ್ತಾ ಕೋದಂಡಪ್ಪ ಏನಂದ ಎಂದು ಕೇಳಿ ಸರ್ಟಿಫಿಕೇಟು ಬರೆದರು. ಬಸ್ಸು ರಸ್ತೆಗೆ ಅಡ್ಡವಾಗುತ್ತದೆಂದು ಅಶ್ವತ್ಥಪ್ಪ ಅದನ್ನು ಶೆಡ್ಡಿಗೆ ಎಳೆಸಿದ, ಬ್ರೇಕು ಹೊಸದು ಹಾಕಿಸಿದ, ಆಮೇಲೆ ಮೋಟಾರು ಇನ್‌ಸ್ಪೆಕ್ಟರನ್ನು ಕರೆಸಿ ತೋರಿಸಿದ. ಬ್ರೇಕು ಬಹಳ ಚೆನ್ನಾಗಿದೆ ಎಂದು ವರದಿ ಬಂತು. ಅದು ಸುಳ್ಳೂ ಅಲ್ಲ. ಇಷ್ಟು ಒಳ್ಳೆಯ ಬ್ರೇಕು ಇದ್ದೂ ಗೋಡೆಗೆ ಗುದ್ದಿದನೆಂದರೆ ಎಷ್ಟು ಕುಡಿದಿರಬೇಕು ಎಂದು ಜನ ಮಾತಾಡಿಕೊಂಡರು. ಆರುಮುಗಂನ ಲೈಸೆನ್ಸು ಹೋಯಿತು, ಬಿಲ್ಲೆ ಹೋಯಿತು, ಕೆಲಸವೂ ಹೋಯಿತು. ಜಾಮೀನಿನ ಮೇಲೆ ಹೊರಗೆ ಬಂದ.

ತಿಂಗಳೊಪ್ಪತ್ತಿನ ಮೇಲೆ ಕೋದಂಡಪ್ಪ ಬಂಗಾರಪೇಟೆಯ ಸಂತೆ ಬಂದೋಬಸ್ತಿಗೆ ಹೋದಾಗ ಒಬ್ಬ ಹಮಾಲಿ ಹುಣಸೆಹಣ್ಣಿನ ಮೂಟೆ ಹೊತ್ತು ಎದುರಿಗೆ ಬಂದ. ಹಣೆಯ ಮೇಲೆ ಹೊಲಿಗೆಯ ಗುರುತು. ಆರುಮುಗಂ ಅವನನ್ನು ನೋಡಿದ, ಬೈಯಲಿಲ್ಲ, ದಾರಿ ಬಿಡಿ ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳಿ ಹಾದುಹೋದ. ಬೈದಿದ್ದರೆ ಪೇದೆಯಾಗಿ ಏನಾದರೂ ಮಾಡಬಹುದಿತ್ತು.

ಆ ಮಧ್ಯಾಹ್ನ ಮನೆಗೆ ಬಂದವನು ಬೇಗ ಉಂಡು ಮಲಗಬೇಕೆಂದು ಕೂತ. ವೆಂಕಟರತ್ನಮ್ಮ ಬಡಿಸಿದಳು. ಅವನು ತುತ್ತು ನುಂಗುತ್ತಾ, ಉರಿಗಾಂನ ಡ್ರೈವರನ ಹೆಂಡತಿ ಮುನಿಶಾಮಮ್ಮ ಗೇಟಿನ ಹತ್ತಿರ ಬಂದು ಅತ್ತಳಂತೆ, ಕುಡಿದವನ ಹೆಂಡತಿ ಅಳದೆ ಇನ್ನೇನು ಮಾಡುತ್ತಾಳೆ ಎಂದು ತನಗೇ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಂಡ. ವೆಂಕಟರತ್ನಮ್ಮ ಸೌಟು ಕೆಳಗಿಟ್ಟಳು.

“ಸಾರು ಎಂಗೈತೆ?” ಅಂದಳು.

“ಚೆನ್ನಾಗೈತೆ.”

“ಮೊನ್ನೇದು. ನೊರೆ ಬಂದೈತೆ. ನಾಯಿಗೆ ಆಕಿದ್ರೆ ನಾಯಿ ಮುಟ್ಟಲಿಲ್ಲ.” ಅವಳು ಅವನ ತಟ್ಟೆಯನ್ನೇ ನೋಡುತ್ತಿದ್ದಳು. “ಜ್ವರ ಬಿಟ್ಟಾಗಿಂದ ನೋಡ್ತಾನೇ ಇವ್ನಿ. ಅಳಸಿದ್ದು ಇಕ್ಕಿದ್ರೂ ತಿಂತೀಯ, ಸೀದಿದ್ದು ಇಕ್ಕಿದ್ರೂ ತಿಂತೀಯ. ನನಗೇನು, ಇಷ್ಟು ವರ್ಸಕ್ಕೆ ಒಲೆ ಮುಂದೆ ನಿಮ್ಮದಿ ಸಿಕ್ತು ಅಂತ ಸುಮ್ಕಿದ್ದೆ. ಆ ಡ್ರೈವರನ ಬಾಯಾಗೆ ನಿಂಗೆ ಯಾವ ವಾಸ್ನೆ ಬಂತು, ಅದನ್ನೇಳು.”

ಕೋದಂಡಪ್ಪ ತಟ್ಟೆ ಸರಿಸಿ ಕೈ ತೊಳೆದುಕೊಂಡು ಹೊರಗೆ ಜಗಲಿಯ ಮೇಲೆ ಕೂತ. ನಾಯಿಯೂ ಮುಟ್ಟದ ಸಾರನ್ನು ತಿಂದ ಹೊಟ್ಟೆ ಆಮೇಲೆ ಎರಡು ದಿನ ಅವನಿಗೆ ಬುದ್ಧಿ ಹೇಳಿತು.

ಕೆ.ಜಿ.ಎಫ್. ಕೋರ್ಟಿನಲ್ಲಿ ವಿಚಾರಣೆಗೆ ಬರುವ ಹೊತ್ತಿಗೆ ಮಳೆಗಾಲ. ಆರುಮುಗಂನ ಕಡೆ ಆಂಡರ್ಸನ್‌ಪೇಟೆಯ ಒಬ್ಬ ಹೊಸ ವಕೀಲ. ಕೋದಂಡಪ್ಪ ಕಟಕಟೆ ಹತ್ತಿದಾಗ ಸರ್ಕಾರಿ ವಕೀಲರು ಕೇಳಬೇಕಾದ್ದನ್ನು ಕೇಳಿದರು: ಆರೋಪಿಯ ಬಾಯಿ ಮೂಸಿದೆಯಾ? ಮೂಸಿದೆ. ಸಾರಾಯಿ ವಾಸನೆ ಬಂತಾ?

ಕೋದಂಡಪ್ಪ ಸಾಹೇಬರ ಕಡೆ ನೋಡಲಿಲ್ಲ. ಮ್ಯಾಜಿಸ್ಟ್ರೇಟರ ಮೇಜನ್ನು ನೋಡಿಕೊಂಡು ಹೇಳಿದ.

“ಬರಲಿಲ್ಲ ಸ್ವಾಮಿ. ಸಾರಾಯಿದೂ ಬರಲಿಲ್ಲ, ಏನೂ ಬರಲಿಲ್ಲ. ಚಳಿಗಾಲದ ಜ್ವರದಿಂದ ನನಗೆ ವಾಸ್ನೇನೇ ಇಲ್ಲ.”

ಹಾಗಾದರೆ ತಲೆಯಾಡಿಸಿದ್ದು ಯಾಕೆ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಭಯವಾಯಿತು ಸ್ವಾಮಿ ಅಂದ. ಯಾರ ಭಯ ಎಂದು ಕೇಳುವಷ್ಟರಲ್ಲಿ ಸರ್ಕಾರಿ ವಕೀಲರು ಎದ್ದು ನಿಂತು ಅಡ್ಡ ಬಂದರು. ಚಳಿಗಾಲದಿಂದ ಈಚೆಗೆ ಈ ಮೂಗಿನ ಮೇಲೆ ಎಷ್ಟು ಜನ ಶಿಕ್ಷೆಯಾಗಿ ಹೋಗಿದ್ದಾರೆ, ಅದೆಲ್ಲ ತಿರುಗಿ ಬಂದರೆ ಗತಿಯೇನು ಅನ್ನುವುದು ಅವರ ಮುಖದಲ್ಲಿ ಬೆವರಾಗಿ ಮೂಡಿತ್ತು. ಸಾಕ್ಷಿಯ ಮೂಗನ್ನು ಸರ್ಕಾರಿ ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು ಕೇಳಿಕೊಂಡರು. ವಿಚಾರಣೆ ಮುಂದಕ್ಕೆ ಹೋಯಿತು.

ಪರೀಕ್ಷೆ ಮಾಡಿದವರು ಅದೇ ಡಿಸ್ಪೆನ್ಸರಿಯ ಡಾಕ್ಟರು. ಪಾಪ, ಅವರಿಗೆ ಇಕ್ಕಟ್ಟು. ಮೂಗು ಸತ್ತಿದೆ ಎಂದು ಬರೆದರೆ, ಆ ಮೂಗನ್ನು ನಂಬಿ ತಾವು ಬರೆದುಕೊಟ್ಟ ಸರ್ಟಿಫಿಕೇಟುಗಳೆಲ್ಲ ಎದ್ದು ಕೂರುತ್ತವೆ. ಅವರು ಟಾರ್ಚು ಹಾಕಿ ಎರಡೂ ಹೊಳ್ಳೆಗಳನ್ನು ನೋಡಿದರು. ಒಳಗೆ ಗಡ್ಡೆಯಿಲ್ಲ, ಹುಣ್ಣಿಲ್ಲ, ಮೂಳೆ ನೇರವಾಗಿದೆ. ನಿನಗೆ ವಾಸನೆ ಬರುತ್ತದೆಯೇ ಎಂದು ಮಾತ್ರ ಅವರು ಕೇಳಲಿಲ್ಲ. ಮೂಗು ಸುಸ್ಥಿತಿಯಲ್ಲಿದೆ ಎಂದು ಬರೆದು ಸೀಲು ಒತ್ತಿದರು. ಹೀಗೆ ತನಗೆ ವಾಸನೆ ಬರುವುದಿಲ್ಲ ಎಂದು ಕೋದಂಡಪ್ಪ ಪ್ರಮಾಣ ಮಾಡಿ ಹೇಳಿದರೆ, ಬರುತ್ತದೆ ಎಂದು ಸರ್ಕಾರ ಪ್ರಮಾಣ ಮಾಡಿ ಹೇಳುವಂತಾಯಿತು.

ಮುಂದಿನ ಸಲ ಹೊಸ ವಕೀಲ ಒಂದು ಚೀಲ ಹಿಡಿದು ಬಂದ. ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಕೋದಂಡಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಸೀಸೆ ಹಿಡಿದ. ಸಾರಾಯಿ ಹಿಡಿದ, ಕೋದಂಡಪ್ಪ ಗೊತ್ತಿಲ್ಲ ಅಂದ. ಸೀಮೆಎಣ್ಣೆ ಹಿಡಿದ, ಗೊತ್ತಿಲ್ಲ ಅಂದ. ಕೊಳೆತ ಮೊಟ್ಟೆಯ ಸೀಸೆ ತೆರೆದಾಗ ಗುಮಾಸ್ತರು ಮೇಜು ಬಿಟ್ಟು ಎದ್ದರು, ಜನ ಬಾಗಿಲ ಕಡೆ ನುಗ್ಗಿದರು. ಕೋದಂಡಪ್ಪ ಮಾತ್ರ ದೇವರಮನೆಯಲ್ಲಿ ನಿಂತ ಹಾಗೆ ನಿಂತಿದ್ದ. ಸರ್ಕಾರಿ ವಕೀಲರು ಬಾಯಿಗೆ ಬಟ್ಟೆ ಹಿಡಿದುಕೊಂಡೇ, ಈತ ನಟಿಸುತ್ತಿದ್ದಾನೆ, ಬರುವ ವಾಸನೆಯನ್ನು ಬರುವುದಿಲ್ಲ ಅನ್ನುವುದಕ್ಕೆ ಏನು ಕಷ್ಟ ಎಂದು ವಾದಿಸಿದರು. ಮಾತೇನೋ ಸರಿಯೇ. ಬರುವುದನ್ನು ತೋರಿಸಬಹುದು, ಬಾರದ್ದನ್ನು ತೋರಿಸುವುದು ಹೇಗೆ?

ಮ್ಯಾಜಿಸ್ಟ್ರೇಟರು ಕಿಟಕಿಗಳನ್ನೆಲ್ಲ ತೆಗೆಸಿ ತೀರ್ಪು ಹೇಳಿದರು. ಸಾಕ್ಷಿಗೆ ವಾಸನೆ ಬರುತ್ತದೆಯೋ ಇಲ್ಲವೋ ಅನ್ನುವುದಕ್ಕೆ ತಾವು ಕೈ ಹಾಕುವುದಿಲ್ಲ; ಬಂದರೆ ಅವನು ಸುಳ್ಳುಗಾರ, ಬಾರದಿದ್ದರೆ ಅವನು ಸಾಕ್ಷಿಯೇ ಅಲ್ಲ; ಹೇಗಿದ್ದರೂ ಅವನನ್ನು ನಂಬಿ ಒಬ್ಬನ ಅನ್ನ ಕಿತ್ತುಕೊಳ್ಳಲಾಗದು. ಅನುಮಾನದ ಲಾಭ ಕೊಟ್ಟು ಆರುಮುಗಂನನ್ನು ಬಿಟ್ಟರು. ಬ್ರೇಕಿನ ಮಾತು ತೀರ್ಪಿನಲ್ಲಿ ಬರಲೇ ಇಲ್ಲ. ಬಸ್ಸು ಅಷ್ಟರಲ್ಲಿ ಬಣ್ಣ ಬಳಿಸಿಕೊಂಡು ಓಡಾಡುತ್ತಿತ್ತು.

ಕೋದಂಡಪ್ಪನಿಗೆ ಇಲಾಖೆಯಿಂದ ಎರಡು ಮೆಮೊ ಬಂದವು. ವಾಸನಾಶಕ್ತಿ ಹೋದದ್ದನ್ನು ಮೇಲಧಿಕಾರಿಗಳಿಂದ ಮುಚ್ಚಿಟ್ಟದ್ದಕ್ಕೆ ಕಾರಣ ಕೇಳಿ ಒಂದು. ಹೋಗದ ವಾಸನಾಶಕ್ತಿಯನ್ನು ಹೋಯಿತೆಂದು ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಕಾರಣ ಕೇಳಿ ಇನ್ನೊಂದು. ಅವನು ಎರಡಕ್ಕೂ ಕ್ಷಮೆ ಕೇಳಿ ಬರೆದ. ಎರಡೂ ಸಾಬೀತಾದವು ಎಂದು ತೀರ್ಮಾನವಾಗಿ ಬಡ್ತಿ ನಿಂತಿತು. ಮಫ್ಲರನ್ನು ವಾಪಸು ತೆಗೆದುಕೊಂಡರು. ಆದರೆ ಮೂಗು ಸುಸ್ಥಿತಿಯಲ್ಲಿದೆ ಎಂದು ಡಾಕ್ಟರೇ ಬರೆದಿದ್ದರಿಂದ ಅವನನ್ನು ಗೇಟಿನಿಂದ ತೆಗೆಯಲು ಮಾತ್ರ ಯಾರಿಗೂ ದಾರಿ ಸಿಗಲಿಲ್ಲ.

ತೀರ್ಪು ಬಂದ ದಿನ ಕೋರ್ಟಿನ ಹೊರಗೆ ಅವನು ಆರುಮುಗಂನ ಹತ್ತಿರ ಹೋಗಿ ನಿಂತಿದ್ದ. ಏನು ಹೇಳಬೇಕೆಂದು ತಿಳಿಯದೆ, ಬ್ರೇಕು ಕೆಟ್ಟಿರೋದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಿಬಿಟ್ಟ. ಆರುಮುಗಂ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಕೆಳಗಡೆ ಬಗ್ಗಿ ನೋಡ್ಬೇಕು ಅಣ್ಣಾ,” ಅಂದ. “ಚಕ್ರದ ಒಳಗಡೆ ಎಣ್ಣೆ ಇಳಿದಿರ್ತದೆ. ಕಣ್ಣಿದ್ರೆ ಸಾಕು.”

ಅಷ್ಟು ಹೇಳಿ ಹೆಂಡತಿಯ ಜೊತೆ ನಡೆದುಹೋದ. ಬಿಲ್ಲೆ ವಾಪಸು ಬಂದರೂ ಒಂದು ವರ್ಷ ಯಾವ ಮಾಲೀಕನೂ ಅವನನ್ನು ಕರೆಯಲಿಲ್ಲ. ಅವನು ಬ್ರೇಕಿನ ಮಾತಾಡುತ್ತಾನೆ ಅನ್ನುವುದು ಕುಡಿಯುತ್ತಾನೆ ಅನ್ನುವುದಕ್ಕಿಂತ ದೊಡ್ಡ ಕೆಟ್ಟ ಹೆಸರಾಗಿತ್ತು. ಆಮೇಲೆ ಲೈನು ಮನೆಗಳಿಗೆ ನೀರು ಹೊಡೆಯುವ ಲಾರಿಯೊಂದರಲ್ಲಿ ಕೆಲಸ ಸಿಕ್ಕಿತು.

ಕೋದಂಡಪ್ಪ ಗೇಟಿನಲ್ಲೇ ಉಳಿದ. ಗೇಟು ಬಿದ್ದಾಗ ಅವನು ಈಗ ಡ್ರೈವರನ ಬಾಯಿಯ ಹತ್ತಿರ ಹೋಗುತ್ತಿರಲಿಲ್ಲ. ಖಾಕಿ ಚಡ್ಡಿಯಲ್ಲೇ ಮಣ್ಣಿನ ಮೇಲೆ ಅಂಗಾತ ಮಲಗಿ ಬಸ್ಸಿನಡಿ ತೂರುತ್ತಿದ್ದ. ಚಕ್ರದ ಒಳಮೈ ಮುಟ್ಟಿ, ಬೆರಳಿಗೆ ಹತ್ತಿದ ಎಣ್ಣೆಯನ್ನು ಹೊರಗೆ ಬಂದು ಎಲ್ಲರ ಮುಂದೆ ಎತ್ತಿ ತೋರಿಸುತ್ತಿದ್ದ. ಅದನ್ನು ಕಂಡು ಪ್ರಯಾಣಿಕರು ಬಸ್ಸಿನಿಂದ ಇಳಿಯತೊಡಗಿದರು. ಮೊದಲು ಜಯರಾಮಪ್ಪನವರು ಹುಬ್ಬು ಏರಿಸಿದರು, ಇಳಿಸಿದರು. ಬಸ್ಸಿನಡಿ ಮಲಗಿದವನಿಗೆ ಅದು ಕಾಣಿಸುತ್ತಿರಲಿಲ್ಲ. ಸಾಹೇಬರು ಕಣ್ಣಲ್ಲೇ ಬಿಡಿಸುತ್ತಿದ್ದ ಬಸ್ಸುಗಳಡಿಯಲ್ಲೇ ಎಣ್ಣೆ ಹೆಚ್ಚು ಸಿಕ್ಕಿತು. ಮೂಗು ಇದ್ದಾಗ ಡ್ರೈವರುಗಳು ಮಾತ್ರ ಅವನಿಗೆ ಹೆದರುತ್ತಿದ್ದರು. ಮೂಗು ಹೋದ ಮೇಲೆ ಮಾಲೀಕರು ಹೆದರಿದರು. ಆರು ತಿಂಗಳೊಳಗೆ ಅವನಿಗೆ ರಸ್ತೆಯೇ ಇಲ್ಲದ ಒಂದು ಹಳ್ಳಿಯ ಔಟ್‌ಪೋಸ್ಟಿಗೆ ವರ್ಗವಾಯಿತು.

ರಸ್ತೆ ಇರುವಷ್ಟು ದೂರ ಸಾಮಾನು ಸಾಗಿಸಲು ಅಶ್ವತ್ಥಪ್ಪ ತಾನಾಗಿಯೇ ಒಂದು ಲಾರಿ ಕಳಿಸಿದ. ಕೋದಂಡಪ್ಪ ಅದರ ಕೆಳಗೆ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು, ಎತ್ತಿನಗಾಡಿ ಗೊತ್ತುಮಾಡಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ ಊರೊಳಗೆ ಹೋದ.